ಗುರುಗಳ ಫೈಲಿಗೆ ಕೊಟ್ಟ ವಿನಾಯಿತಿ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅದನ್ನು ಮೊದಲು ಆಶ್ರಮ ಎಂದು ಕರೆದವರು ಚೇಷ್ಟೆಗೆ ಕರೆದದ್ದು. ಅಲ್ಲಿ ಹೋಮವಿರಲಿಲ್ಲ, ಜಪವಿರಲಿಲ್ಲ. ಹೆಂಚಿನ ಮನೆಯೊಂದರಲ್ಲಿ ಒಂಬತ್ತು ಜನ ಶಿಷ್ಯರು ಕಂಪ್ಯೂಟರಿನ ಮುಂದೆ ಕೂತು ಕೋಡ್ ಬರೆಯುತ್ತಿದ್ದರು. ಬರಬರುತ್ತ ಹೆಸರು ಗಟ್ಟಿಯಾಯಿತು, ಚೇಷ್ಟೆ ಮರೆತುಹೋಯಿತು.

ಗುರುಗಳ ಹೆಸರು ಅಡಿವಯ್ಯ. ಮೇಲಿನ ಅಣೆಕಟ್ಟಿನ ಬಾಗಿಲು ತೆರೆದಾಗ ಕೆಳಗಿನ ಇನ್ನೂರ ಹನ್ನೆರಡು ಊರುಗಳಲ್ಲಿ ಸೈರನ್ ಕೂಗಬೇಕು. ಅದನ್ನು ಕೂಗಿಸುವ ತಂತ್ರಾಂಶ ಅವರದು. ಇಪ್ಪತ್ತಾರು ವರ್ಷಗಳ ಹಿಂದೆ ಅದರ ಮೊದಲ ಫೈಲನ್ನು ಅವರೇ ಕೂತು ಬರೆದಿದ್ದರು. ಈಗ ಫೈಲುಗಳು ಸಾವಿರದ ಮುನ್ನೂರು ಆಗಿದ್ದವು.

ದಿನವೂ ಸಂಜೆ ಆ ಫೈಲುಗಳನ್ನೆಲ್ಲ ಕೂಡಿಸಿ ಒಂದೇ ತಂತ್ರಾಂಶವಾಗಿ ಕಟ್ಟಿ ಅಣೆಕಟ್ಟಿಗೆ ಕಳಿಸುತ್ತಿದ್ದರು. ಅದಕ್ಕೆ ಬಿಲ್ಡ್ ಎನ್ನುತ್ತಿದ್ದರು. ಬಿಲ್ಡಿನ ಹೊಣೆ ಕಸ್ತೂರಿ ಎಂಬ ಶಿಷ್ಯೆಯದಾಗಿತ್ತು.

ಒಂದು ದಿನ ಕಸ್ತೂರಿ ಗುರುಗಳ ಬಳಿ ಬಂದಳು.

“ಗುರುಗಳೆ, ಬಿಲ್ಡಿನ್ಯಾಗ ಒಂದು ಹೊಸಾದು ಸೇರಸಬೇಕು ಅಂತ ಮಾಡೀನ್ರಿ.”

“ಏನವಾ ಅದು?”

“ಕೋಡ್ ಓದೋ ತಂತ್ರಾಂಶ. ಕೋಡನ್ನ ನಡಸಿ ನೋಡಂಗಿಲ್ಲ, ಬರೇ ಓದತೈತಿ. ಓದಿ, ಇಲ್ಲಿ ತಪ್ಪಾಗಬಹುದು ಅಂತ ಹೇಳತೈತಿ. ತಪ್ಪು ಕಂಡ್ರ ಬಿಲ್ಡ್ ಅಲ್ಲೇ ನಿಲ್ಲತೈತ್ರಿ.”

“ಅಂದ್ರ, ಒಲಿ ಹಚ್ಚೋಕಿಂತ ಮೊದಲ ಅಡಿಗಿ ಚೀಟಿ ಓದಿ, ಉಪ್ಪು ಎರಡು ಸಲ ಬರದೀ ನೋಡು ಅಂದಂಗ.”

“ಹಂಗ ನೋಡ್ರಿ.”

“ಎಲ್ಲಾರ ತಪ್ಪೂ ಹೇಳತೈತೇನು?”

“ಎಲ್ಲಾರದೂ ಹೇಳತೈತ್ರಿ.”

“ನಂದೂ?”

ಕಸ್ತೂರಿ ನಕ್ಕಳು. “ನಿಮ್ಮ ಕೋಡಿನ್ಯಾಗ ಅದಕ್ಕ ಏನು ಸಿಗತೈತ್ರಿ ಗುರುಗಳೆ?”

ಗುರುಗಳೂ ಮುಗುಳ್ನಕ್ಕರು. ಅವರನ್ನು ನಗಿಸಿದೆನಲ್ಲ ಎಂದು ಕಸ್ತೂರಿಗೆ ದಿನವೆಲ್ಲ ಖುಷಿಯಿತ್ತು.

ಮರುವಾರ ಓದುವ ತಂತ್ರಾಂಶ ಬಂತು. ಸೊಸೆಯ ಅಡಿಗೆ ಉಣ್ಣುವ ಮೊದಲೇ ತಪ್ಪು ಹುಡುಕುವ ಅತ್ತೆಯ ಹಾಗೆ ಎಂದು ಶಿಷ್ಯರು ಅದಕ್ಕೆ ಅತ್ತಿ ಎಂದು ಹೆಸರಿಟ್ಟರು. ಅತ್ತಿ ಮೊದಲ ದಿನ ಎಲ್ಲ ಫೈಲುಗಳನ್ನೂ ಓದಿ ಮೂವತ್ತೆಂಟು ಸಾವಿರದ ನಾನೂರ ಹನ್ನೆರಡು ಎಚ್ಚರಿಕೆಗಳನ್ನು ಪಟ್ಟಿ ಮಾಡಿತು. ಬಿಲ್ಡ್ ನಿಂತಿತು.

ಎರಡನೆಯ ದಿನವೂ ನಿಂತಿತು. ಮೂರನೆಯ ದಿನ ಶಿಷ್ಯರೆಲ್ಲ ಕಸ್ತೂರಿಯ ಮೇಲೆ ಹರಿಹಾಯ್ದರು.

“ಅತ್ತಿ ಮನಿಗೆ ಬಂದಳು, ಮನಿ ಕೆಲಸ ಎಲ್ಲಾ ನಿಂತು. ಮೊದಲು ಅದನ್ನ ತಗದು ಒಗಿ,” ಎಂದರು.

ಕಸ್ತೂರಿ ಮತ್ತೆ ಗುರುಗಳ ಬಳಿ ಹೋದಳು.

“ಹಳೇ ಎಚ್ಚರಿಕೆನೆಲ್ಲ ಒಂದು ಪಟ್ಟಿಗೆ ಹಾಕತೀನ್ರಿ. ಪಟ್ಟಿನ್ಯಾಗ ಇದ್ದದ್ದಕ್ಕ ಸುಮ್ಮನಿರು, ಹೊಸಾ ತಪ್ಪು ಕಂಡ್ರಷ್ಟ ಬಿಲ್ಡ್ ನಿಲ್ಲಸು ಅಂತ ಅದಕ್ಕ ಹೇಳತೀನಿ. ದೊಡ್ಡ ಕೆಲಸ ಇದ್ದಲ್ಲೆಲ್ಲ ಹಿಂಗ ಮಾಡ್ತಾರ್ರಿ.”

“ಮಾಡು. ಆದ್ರ ಒಂದೊಂದನ್ನೂ ಓದಿ ಪಟ್ಟಿಗೆ ಹಾಕು. ಓದಲಾರದ ಒಂದನ್ನೂ ಹಾಕಬ್ಯಾಡ.”

“ಮೂವತ್ತೆಂಟು ಸಾವಿರ ಅದಾವ್ರಿ!”

“ಇರಲಿ ಬಿಡು. ನಮಗೇನು ಗಾಡಿ ತಪ್ಪತೈತೇನು?”

ಓದಿ ಮುಗಿಯುವವರೆಗೆ ಅತ್ತಿಯನ್ನು ಬಿಲ್ಡಿನಿಂದ ಹೊರಗಿಟ್ಟು, ಕಸ್ತೂರಿ ಓದಲು ಕೂತಳು. ದಿನಕ್ಕೆ ಇನ್ನೂರು. ಹೆಚ್ಚಿನವು ಕ್ಷುಲ್ಲಕ. ಇಲ್ಲೊಂದು ಹೆಸರು ಇಟ್ಟು ಬಳಸಿಲ್ಲ, ಅಲ್ಲೊಂದು ಸಾಲು ಎರಡು ಸಲ ಬಂದಿದೆ, ಹೀಗೆ. ನಡುನಡುವೆ ನಿಜವಾದ ತಪ್ಪುಗಳೂ ಸಿಕ್ಕವು. ಬರೆದವರನ್ನು ಕರೆದು ತೋರಿಸಿದಳು. ಅವರು ಮುಖ ಸಣ್ಣದು ಮಾಡಿಕೊಂಡು ತಿದ್ದಿದರು. ಏಳು ತಿಂಗಳಾಯಿತು.

ಗುರುಗಳು ಬರೆದಿದ್ದ ಆ ಮೊದಲ ಫೈಲನ್ನು ಅವಳು ಕೊನೆಗೆ ಉಳಿಸಿಕೊಂಡಿದ್ದಳು. ಎಲೆಯಲ್ಲಿ ಹೋಳಿಗೆಯನ್ನು ಕೊನೆಗೆ ಉಳಿಸಿಕೊಳ್ಳುವವರಿಲ್ಲವೆ, ಹಾಗೆ.

ಅದರ ಮೇಲೆ ನೂರ ಹದಿನೇಳು ಎಚ್ಚರಿಕೆಗಳಿದ್ದವು.

ಕಸ್ತೂರಿಗೆ ಸಿಟ್ಟು ಬಂತು. ಮೊನ್ನೆ ಬಂದ ಯಂತ್ರ, ಇಪ್ಪತ್ತಾರು ವರ್ಷ ಊರೂರು ಕಾಯ್ದ ಬರವಣಿಗೆಯಲ್ಲಿ ತಪ್ಪು ಹುಡುಕುತ್ತದೆಯೆ? ಇವನ್ನು ಗುರುಗಳ ಮುಂದೆ ಹಿಡಿದು, ಇದು ನಿಮ್ಮದು ತಪ್ಪು, ಇದೂ ನಿಮ್ಮದು ತಪ್ಪು ಎಂದು ಯಾವ ಬಾಯಿಂದ ಹೇಳುವುದು?

ಅವಳು ಒಂದನ್ನೂ ಓದಲಿಲ್ಲ. ಆ ಫೈಲನ್ನೇ ಓದಬೇಡ ಎಂದು ಅತ್ತಿಗೆ ಒಂದು ಸಾಲು ಬರೆದಳು. ನೂರ ಹದಿನೇಳೂ ಕಣ್ಮರೆಯಾದವು.

ಸಂಜೆ ಗುರುಗಳು ಕೇಳಿದರು.

“ಮುಗೀತೇನವಾ?”

“ಮುಗೀತ್ರಿ.”

“ಎಲ್ಲಾ ಓದಿದಿ?”

“ಹೂಂ ರಿ.”

ಕಸ್ತೂರಿ ಗುರುಗಳಿಗೆ ಹೇಳಿದ ಮೊದಲ ಸುಳ್ಳು ಅದು. ಭಕ್ತಿಯಿಂದ ಹೇಳಿದ್ದಳು, ಹಾಗಾಗಿ ಅವಳಿಗೆ ಸುಳ್ಳು ಎನಿಸಲೇ ಇಲ್ಲ.

ಅಂದಿನಿಂದ ಅತ್ತಿ ಸೇರಿದ ಬಿಲ್ಡ್ ಸಲೀಸಾಗಿ ನಡೆಯಿತು. ದಿನವೂ ಬಿಲ್ಡ್ ಮುಗಿದ ಮೇಲೆ ಒಂದು ಹಾಳೆಯ ವರದಿ ಬರುತ್ತಿತ್ತು. ಅದನ್ನು ಗುರುಗಳ ಮೇಜಿನ ಮೇಲೆ ಇಡುವುದು ವಾಡಿಕೆ. ಕಸ್ತೂರಿ ಇಡುತ್ತಿದ್ದಳು, ಗುರುಗಳು ನೋಡಿ ಸಹಿ ಮಾಡುತ್ತಿದ್ದರು.

ಆ ವರ್ಷ ಊರವರು ಒಂದು ಬೇಡಿಕೆ ತಂದರು. ತಂತ್ರಾಂಶದಲ್ಲಿ ಊರುಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿದ್ದವು. ಎಚ್ಚರಿಕೆಯ ಸಂದೇಶ ಫೋನಿಗೆ ಬಂದರೆ ಓದಲಿಕ್ಕೆ ಬರುವುದಿಲ್ಲ, ಕನ್ನಡದಲ್ಲಿ ಕೊಡಿ ಎಂದರು. ನ್ಯಾಯವಾದ ಮಾತು. ಕಸ್ತೂರಿ ತಾನೇ ಕೂತು ಇನ್ನೂರ ಹನ್ನೆರಡು ಊರಿನ ಹೆಸರನ್ನೂ ಕನ್ನಡದಲ್ಲಿ ತುಂಬಿದಳು. ಶಿಷ್ಯರಿಗೆಲ್ಲ ಹೆಮ್ಮೆಯಾಯಿತು.

ಶ್ರಾವಣದ ಒಂದು ಮಧ್ಯಾಹ್ನ ಅಣೆಕಟ್ಟಿನ ಬಾಗಿಲು ತೆರೆದರು.

ಇನ್ನೂರ ಹನ್ನೊಂದು ಊರುಗಳಲ್ಲಿ ಸೈರನ್ ಕೂಗಿತು. ಹೊಳೆಸಾಲು ಸಿದ್ಧೇಶ್ವರಘಟ್ಟ ಎಂಬ ಒಂದು ಊರಿನಲ್ಲಿ ಕೂಗಲಿಲ್ಲ.

ಆ ಊರಿನ ಘಟ್ಟದಲ್ಲಿ ಹರಿಗೋಲು ನಡೆಸುವ ದ್ಯಾಮಪ್ಪ ನೀರಂಚಿನಲ್ಲಿದ್ದ. ಹೊಳೆ ಬಂತು. ಹರಿಗೋಲು ಅದೇ ದಿನ ಸಿಕ್ಕಿತು. ದ್ಯಾಮಪ್ಪ ಮೂರನೆಯ ದಿನ ಸಿಕ್ಕ.

ವಿಚಾರಣೆಗೆ ಬಂದ ಸಾಹೇಬರು ಸೈರನ್ನಿನ ಕಂಬವನ್ನು ಒಂದು ಸುತ್ತು ಹಾಕಿ, ಬ್ಯಾಟರಿ ಸೊರಗಿತ್ತು ಎಂದು ಬರೆದುಕೊಂಡು ಹೋದರು. ಆಶ್ರಮದಲ್ಲಿ ಎಲ್ಲರಿಗೂ ಉಸಿರು ಬಂದಂತಾಯಿತು.

“ನಮ್ಮದಲ್ಲ ಬಿಡ್ರಿ. ಪಾಪ, ಆತನ ಆಯುಷ್ಯ ಅಷ್ಟ ಇತ್ತು,” ಎಂದರು ಶಿಷ್ಯರು. ಆಯುಷ್ಯದ ಮೇಲೆ ಹಾಕಿಬಿಟ್ಟರೆ ಯಾರೂ ಏನೂ ಕೇಳುವಂತಿಲ್ಲ ನೋಡಿ.

ಕಸ್ತೂರಿಗೆ ತಾನು ಓದದೆ ಬಿಟ್ಟ ಫೈಲು ನೆನಪಾಯಿತು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಳು. ತಾನು ಬರೆದಿದ್ದ ಆ ಒಂದು ಸಾಲನ್ನು ಅಳಿಸಿ, ಗುರುಗಳ ಫೈಲನ್ನು ಅತ್ತಿಗೆ ಓದಲು ಕೊಟ್ಟಳು.

ನೂರ ಹದಿನೇಳರಲ್ಲಿ ಎಂಬತ್ತನಾಲ್ಕನೆಯದು ಹೀಗಿತ್ತು: ಬಂದ ಹೆಸರಿನ ಉದ್ದವನ್ನು ಇಲ್ಲಿ ಅಳೆದಿಲ್ಲ, ಉದ್ದವಾದರೆ ಪಕ್ಕದ ಜಾಗಕ್ಕೆ ಚೆಲ್ಲಬಹುದು.

ಅವಳು ಬೆರಳು ಮಡಿಚಿ ಎಣಿಸಿದಳು. ಗುರುಗಳು ಊರಿನ ಹೆಸರಿಗೆ ಅರವತ್ತನಾಲ್ಕು ಗೂಡುಗಳ ಜಾಗ ಇಟ್ಟಿದ್ದರು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಗೂಡು ಸಾಕು. ಕನ್ನಡದ ಅಕ್ಷರಕ್ಕೆ ಮೂರು ಬೇಕು, ಗುಣಿತಕ್ಕೆ ಮತ್ತೆ ಮೂರು, ಒತ್ತಕ್ಷರವಿದ್ದರೆ ಇನ್ನೂ ಹೆಚ್ಚು. ಇನ್ನೂರ ಹನ್ನೊಂದು ಊರುಗಳ ಹೆಸರು ಹೇಗೋ ಹಿಡಿಸಿದ್ದವು. ಹೊಳೆಸಾಲು ಸಿದ್ಧೇಶ್ವರಘಟ್ಟಕ್ಕೆ ಅರವತ್ತೇಳು ಬೇಕಾಗಿತ್ತು. ಹೆಚ್ಚಾದದ್ದು ಪಕ್ಕದ ಗೂಡುಗಳಿಗೆ ಚೆಲ್ಲಿ, ತಂತ್ರಾಂಶ ಕರೆ ಮಾಡಿ ಸೈರನ್ ಕೂಗಿಸಲು ಅಲ್ಲಿದ್ದ ಫೋನ್ ನಂಬರಿನ ಮೊದಲ ಅಂಕಿಗಳನ್ನು ಅಳಿಸಿಹಾಕಿತ್ತು.

ಆ ಹೆಸರನ್ನು ತುಂಬಿದ್ದು ಅವಳ ಕೈ. ಎಚ್ಚರಿಕೆಯನ್ನು ಅಡಗಿಸಿದ್ದೂ ಅವಳ ಕೈ.

ಗುರುಗಳು ಪಡಸಾಲೆಯಲ್ಲಿ ಕೂತಿದ್ದರು. ಕಸ್ತೂರಿ ಹೋಗಿ ಅವರ ಮುಂದೆ ನಿಂತಳು.

“ಬ್ಯಾಟರಿ ಅಲ್ರಿ ಗುರುಗಳೆ.”

“ಮತ್ತೇನು?”

“ನಿಮ್ಮ ಫೈಲು.”

ಗುರುಗಳು ಅವಳನ್ನೇ ನೋಡಿದರು.

“ಎಲ್ಲಾ ಓದೀನಿ ಅಂತ ನಿಮಗ ಸುಳ್ಳು ಹೇಳಿದ್ದೆ. ನಿಮ್ಮ ಫೈಲು ಓದಬ್ಯಾಡ ಅಂತ ಬರದು ಬಿಟ್ಟಿದ್ದೆ. ಓದಿದ್ರ ಆತ ಇವತ್ತ ಇರತಿದ್ದ.”

“ಯಾಕ ಓದಲಿಲ್ಲ?”

“ಅದು ನಿಮ್ಮದಾಗಿತ್ತು.”

ಗುರುಗಳು, “ಕಾಗದಕ್ಕ ಇಳಿಸಿಕೊಂಡು ಬಾ. ಒಂದನೇದರಿಂದ ಓದು,” ಎಂದರು.

ಕಸ್ತೂರಿ ತಂದಳು. ನಿಂತೇ ಓದತೊಡಗಿದಳು. ಒಂದೊಂದು ಮುಗಿದಾಗಲೂ ಗುರುಗಳು “ಹೌದು, ನಂದು,” ಎನ್ನುತ್ತಿದ್ದರು. ಉಳಿದ ಶಿಷ್ಯರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ಒಬ್ಬ ತಡೆಯಲಾರದೆ, “ಸಾಕು ಮಾಡು ಕಸ್ತೂರಿ,” ಎಂದ. ಗುರುಗಳು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು.

ಎಂಬತ್ತನಾಲ್ಕನೆಯದಕ್ಕೆ ಬಂದಾಗ ಅವಳು ಹಾಳೆ ಕೆಳಗಿಳಿಸಿದಳು.

“ಓದವಾ,” ಎಂದರು ಗುರುಗಳು.

ಓದಿದಳು.

“ಹೌದು, ನಂದು.”

ಸೂರ್ಯ ನೆತ್ತಿಯಿಂದ ಇಳಿಯುವ ಹೊತ್ತಿಗೆ ಪಟ್ಟಿ ಮುಗಿಯಿತು. ನೂರ ಎಂಟು ಕ್ಷುಲ್ಲಕವಾಗಿದ್ದವು, ಒಂಬತ್ತು ನಿಜವಾದ ತಪ್ಪುಗಳು. ಶಿಷ್ಯರು ತಲೆ ತಗ್ಗಿಸಿಕೊಂಡು ಹೊರಟುಹೋದರು. ಕಸ್ತೂರಿ ಕೂತು ಅತ್ತಳು.

“ನನ್ನ ಮ್ಯಾಲ ಸಿಟ್ಟು ಮಾಡ್ರಿ ಗುರುಗಳೆ. ನಾಕು ಮಾತು ಬೈರಿ.”

“ಹೆಂಗ ಬೈಲಿ? ನೀ ದಿನಾ ತಂದಿಡತಿದ್ದ ವರದಿ ನಾ ಓದತಿದ್ದೆ. ಒಟ್ಟು ಫೈಲು ಸಾವಿರದ ಮುನ್ನೂರು. ಓದಿದ್ದು ಸಾವಿರದ ಇನ್ನೂರ ತೊಂಬತ್ತೊಂಬತ್ತು. ಮೊದಲನೇ ದಿನಾನ ಕಂಡಿತ್ತು.”

ಕಸ್ತೂರಿ ತಲೆಯೆತ್ತಿದಳು.

“ಬಿಟ್ಟಿದ್ದು ಯಾವ ಫೈಲು ಅಂತ ಯಾಕ ಕೇಳಲಿಲ್ರಿ?”

“ಯಾವುದು ಅಂತ ಗೊತ್ತಿತ್ತು.”

“ಗೊತ್ತಿದ್ದೂ ಸಹಿ ಮಾಡಿದ್ರಿ?”

“ಮಾಡಿದೆ. ಇಷ್ಟು ವಯಸ್ಸಾದ ಮ್ಯಾಲ ಇನ್ನ ನನ್ನ ತಪ್ಪು ಯಾರೂ ಎಣಸಂಗಿಲ್ಲ ಅಂತ ಒಳಗೊಳಗ ಹಿತ ಅನಿಸ್ತು ತಂಗಿ.”

ಗುರುಗಳ ಕಣ್ಣು ತುಂಬಿದ್ದವು. ಅವರು ಅಳುವುದನ್ನು ಕಸ್ತೂರಿ ಅದೇ ಮೊದಲು ನೋಡಿದ್ದು. ಸಿಟ್ಟು ಮಾಡಿರಿ ಎಂದು ಕೇಳಿದವಳಿಗೆ ಈಗ ಅವರ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟನ್ನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಅತ್ತಳು.

ಮರುದಿನ ಇಬ್ಬರೂ ಸಿದ್ಧೇಶ್ವರಘಟ್ಟಕ್ಕೆ ಹೋದರು. ದ್ಯಾಮಪ್ಪನ ಹೆಂಡತಿ ಫಕೀರವ್ವ ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದಳು.

“ಗುರುಗಳು ನಮ್ಮ ಮನೀಗೆ ಬಂದ್ರಿ. ಹೇಳಿ ಕಳಿಸಿದ್ರ ನಾನ ಬರತಿದ್ನಲ್ರಿ,” ಎಂದಳು.

“ನಾವ ಬರಬೇಕಿತ್ತವಾ. ಒಂದು ಮಾತು ಹೇಳೋದೈತಿ.”

“ಸೈರನ್ ಕೆಟ್ಟಿತ್ತು ಅಂತ ಸಾಹೇಬ್ರು ಹೇಳಿ ಹೋದ್ರಲ್ರಿ.”

“ಸೈರನ್ ನೆಟ್ಟಗಿತ್ತು. ಅದಕ್ಕ ಕೂಗು ಅಂತ ಹೇಳಬೇಕಾಗಿದ್ದು ನಮ್ಮ ತಂತ್ರಾಂಶ. ಅದು ಹೇಳಲಿಲ್ಲ. ಅದರಾಗಿನ ತಪ್ಪು ನಾ ಮಾಡಿದ್ದು.”

“ತಪ್ಪೈತಿ ಅಂತ ನಮಗ ಮೊದಲ ತಿಳಿಸೋ ಯಂತ್ರ ಒಂದಿತ್ತು ಯಕ್ಕಾ,” ಎಂದಳು ಕಸ್ತೂರಿ. “ಅದರ ಬಾಯಿ ನಾ ಮುಚ್ಚಿಸಿದ್ದೆ.”

ಫಕೀರವ್ವ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು.

“ಅಂದ್ರ, ನಿಮಗ ಗೊತ್ತಾಗತಿತ್ತು?”

“ಗೊತ್ತಾಗತಿತ್ತು,” ಎಂದಳು ಕಸ್ತೂರಿ.

ಫಕೀರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಅವತ್ತ ನೀರಿನ ಬಣ್ಣ ತಿರುಗಿತ್ತ್ರಿ. ಕೆಂಪಗಾಗಿತ್ತು. ಘಟ್ಟದ ಮ್ಯಾಲಿದ್ದೋರೆಲ್ಲ ದಂಡಿ ಹತ್ತಿದ್ರು. ನಾನೂ ಬರ್ರಿ, ಬರ್ರಿ ಅಂತ ಒದರಿದೆ. ನಮ್ಮ ಮನ್ಯಾಗಿನವ್ರು, ಸೈರನ್ ಆಗಿಲ್ಲಲಾ, ಯಾಕ ಹೆದರತಿ, ಅಡಿವಯ್ಯನೋರದು ಎಂದಾರ ತಪ್ಪೈತೇನು ಅಂದ್ರು. ಹಂಗಂದು ಹರಗೋಲಿನ ಹಗ್ಗ ಬಿಗಿಯಾಕ ಕೂತ್ರು.”

ಗುರುಗಳು ಕಂಬಳಿಯಿಂದ ಇಳಿದು ನೆಲದ ಮೇಲೆ ಕೂತರು.

“ನೀವು ಬಂದು ಖರೇ ಹೇಳಿದ್ರಿ,” ಎಂದಳು ಫಕೀರವ್ವ. “ಆದ್ರ ಇದನ್ನ ತಗೊಂಡು ನಾ ಏನು ಮಾಡ್ಲಿ, ನನಗ ತಿಳೀವಲ್ದು.”

ಅವಳು ಎದ್ದು ಒಳಗೆ ಹೋದಳು. ಇಬ್ಬರೂ ಇನ್ನಷ್ಟು ಹೊತ್ತು ಅಲ್ಲಿಯೇ ಕೂತಿದ್ದರು. ಅವಳು ಹೊರಗೆ ಬರಲಿಲ್ಲ.

ಆಶ್ರಮಕ್ಕೆ ಬಂದವರೇ ಗುರುಗಳು ಸಾಹೇಬರಿಗೆ ಪತ್ರ ಬರೆಯಲು ಕೂತರು. ಬ್ಯಾಟರಿಯದು ತಪ್ಪಿಲ್ಲ, ತಪ್ಪು ತನ್ನದು ಎಂದು ಬಿಡಿಸಿ ಬರೆದರು. ಬರೆದು ಕಸ್ತೂರಿಯ ಕೈಗೆ ಕೊಟ್ಟರು.

ಅವಳು ಓದಿದಳು. “ನನ್ನ ಹೆಸರು ಇದರಾಗಿಲ್ಲಲ್ರಿ.”

“ನಿನ್ನ ಹೆಸರು ನಾ ಬರಿಯಂಗಿಲ್ಲ.”

“ನಾನೂ ತಪ್ಪು ಮಾಡೀನಿ.”

“ಮಾಡಿದ್ರ ನೀನ ಬರಿ.”

ಕಸ್ತೂರಿ ಅದರ ಕೆಳಗೆ ತನ್ನದನ್ನು ಬರೆದಳು. ಆ ಪತ್ರ ಹೋಗದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ತಿಂಗಳೊಳಗೆ ಆದೇಶ ಬಂತು. ಸೈರನ್ನುಗಳ ಕೆಲಸವನ್ನು ಆಶ್ರಮದಿಂದ ತೆಗೆದು ಬೇರೆಯವರಿಗೆ ಕೊಟ್ಟಿದ್ದರು. ಶಿಷ್ಯರು ಒಬ್ಬೊಬ್ಬರಾಗಿ ಗುರುಗಳ ಕಾಲು ಮುಟ್ಟಿ ಹೊರಟರು. ಒಬ್ಬಿಬ್ಬರು ಕಸ್ತೂರಿಯ ಕಡೆ ತಿರುಗಿಯೂ ನೋಡಲಿಲ್ಲ. ಅವರನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು.

ಹೊಸಬರು ಬಂದು ಫೈಲುಗಳನ್ನು ಒಪ್ಪಿಸಿಕೊಂಡರು. ಜಾಣರು, ಕೆಲಸ ಬಲ್ಲವರು. ಅವರಲ್ಲೊಬ್ಬ ಕಸ್ತೂರಿಯನ್ನು ಕೇಳಿದ:

“ಓದಬಾರದು ಅಂತ ಬಿಟ್ಟಿರೋ ಫೈಲು ಯಾವುದಾದ್ರೂ ಐತೇನ್ರಿ ಮೇಡಂ?”

“ಇಲ್ರಿ. ಈಗ ಒಂದೂ ಇಲ್ಲ.”

ಗುರುಗಳ ಫೈಲಿನ ಒಂಬತ್ತು ತಪ್ಪುಗಳನ್ನೂ ಅಷ್ಟರಲ್ಲಿ ತಿದ್ದಿಯಾಗಿತ್ತು. ಕೊನೆಯ ದಿನದ ಬಿಲ್ಡನ್ನು ಅವಳೇ ಮಾಡಿದಳು. ಸಾವಿರದ ಮುನ್ನೂರು ಫೈಲುಗಳಲ್ಲಿ ಸಾವಿರದ ಮುನ್ನೂರನ್ನೂ ಓದಿ, ತಪ್ಪಿಲ್ಲ ಎಂದು ವರದಿ ಬಂತು. ಗುರುಗಳು ಅದನ್ನು ಎರಡು ಸಲ ನೋಡಿದರು. ಸಹಿ ಮಾಡುವ ಅಧಿಕಾರ ಈಗ ಅವರಿಗೆ ಇರಲಿಲ್ಲ. ಹಾಳೆಯನ್ನು ಮಡಿಚಿ ಅವಳಿಗೇ ಕೊಟ್ಟರು.

ಇಬ್ಬರೂ ಹೊಳೆಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತರು. ನೀರು ಇಳಿದಿತ್ತು. ಆಚೆ ದಂಡೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

ಕಸ್ತೂರಿಗೆ ಎಷ್ಟೋ ದಿನದಿಂದ ಒಂದು ಪ್ರಶ್ನೆ ಕೇಳಬೇಕಿತ್ತು. ನಾಳೆಯಿಂದ ಕೇಳಲು ಆಗುವುದಿಲ್ಲ ಎಂದು ಈಗ ಕೇಳಿದಳು.

“ಗುರುಗಳೆ, ನಾ ನಿಮ್ಮನ್ನ ಅಷ್ಟು ನಂಬಿದ್ದೆ. ಅದ ನನ್ನ ತಪ್ಪಾತೇನ್ರಿ?”

ಗುರುಗಳು ನೀರನ್ನೇ ನೋಡುತ್ತಿದ್ದರು.

“ನನ್ನ ನಂಬೋರು ಈ ಹೊಳಿ ದಂಡಿ ತುಂಬ ಇದ್ರು ತಂಗಿ. ದ್ಯಾಮಪ್ಪನೂ ನಂಬಿದ್ದ. ನನಗ ಬೇಕಾಗಿದ್ದು, ಓದೋರು ಒಬ್ಬರು.”